ಶಿಲೀಂಧ್ರದ ರೀಕಾಂಬಿನೆಂಟ್ ಅಲರ್ಜನ್ ತರಿಸುವ ಮುಂಚೆ: ಯಾವ ಪ್ರಯೋಗಕ್ಕೆ ಯಾವುದು?

ಲ್ಯಾಬಿಗೆ ಶಿಲೀಂಧ್ರದ ರೀಕಾಂಬಿನೆಂಟ್ ಅಲರ್ಜನ್ (ಅದರ ಜೀನನ್ನು ಬೇರೆ ಜೀವಿಯಲ್ಲಿ ಹಾಕಿ ಮಾಡಿಸಿದ, ಅಲರ್ಜಿ ತರುವ ಪ್ರೋಟೀನ್) ತರಿಸೋಣ ಅಂತ ಹುಡುಕಲು ಕೂತರೆ ಒಂದೇ ಹೆಸರಿನ ಪ್ರೋಟೀನ್ ನಾಲ್ಕೈದು ರೂಪದಲ್ಲಿ ಸಿಗುತ್ತದೆ. ಇ. ಕೋಲಿಯಲ್ಲಿ ಮಾಡಿದ್ದು, ಪಿಕಿಯಾ ಯೀಸ್ಟಿನಲ್ಲಿ ಮಾಡಿದ್ದು, ಹಿಸ್ ಟ್ಯಾಗ್ (ಶುದ್ಧ ಮಾಡಲು ಅನುಕೂಲವಾಗಲಿ ಅಂತ ಅಂಟಿಸುವ ಪುಟ್ಟ ತುಂಡು) ಇರುವುದು, ಇಲ್ಲದಿರುವುದು, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಗೋಡೆಯಿಂದ ಬರುವ, ಕೋಶಗಳನ್ನು ಕೆಣಕುವ ವಸ್ತು) ತೆಗೆದದ್ದು, ಎಂಡೋಟಾಕ್ಸಿನ್ ಬಗ್ಗೆ ಮಾತೇ ಎತ್ತದ್ದು. ಎಲ್ಲದರ ಡೇಟಾಶೀಟ್‌ನಲ್ಲೂ "ಶುದ್ಧತೆ ಶೇ. 90ಕ್ಕಿಂತ ಹೆಚ್ಚು" ಎಂಬ ಒಂದೇ ಸಾಲು. ಹೊಸದಾಗಿ ಈ ಕೆಲಸಕ್ಕೆ ಬಂದವರು ಆ ಸಾಲನ್ನು ನಂಬಿ, ಬೇಗ ಬರುವುದನ್ನೋ ಕಡಿಮೆ ಬೆಲೆಯದನ್ನೋ ಆರಿಸಿಬಿಡುತ್ತಾರೆ.

ನಾವೂ ಹಾಗೇ ಮಾಡಿದ್ದೆವು. ಇ. ಕೋಲಿಯಲ್ಲಿ ಮಾಡಿದ ಆಲ್ಟ್ ಎ 1 (ಆಲ್ಟರ್ನೇರಿಯಾ ಶಿಲೀಂಧ್ರದ ಮುಖ್ಯ ಅಲರ್ಜನ್) ಅನ್ನು ಡೆಂಡ್ರಿಟಿಕ್ ಎಂಬ ರೋಗನಿರೋಧಕ ಕೋಶಗಳಿಗೆ ಹಾಕಿದೆವು. ಉರಿಯೂತದ ಸೂಚಕವಾದ ಐಎಲ್-6 ಏರಿತು. ಡೋಸ್ ಹೆಚ್ಚಿಸಿದಷ್ಟೂ ಏರಿತು. ಗ್ರಾಫ್ ನೋಡಿ ಎಲ್ಲರಿಗೂ ಖುಷಿ. ಬೇಯಿಸಿ ಹಾಕಿದಾಗಲೂ ಅಷ್ಟೇ ಏರಿತು, ಆದರೆ ಆಲ್ಟ್ ಎ 1 ಬಿಸಿಗೆ ಸುಲಭವಾಗಿ ಕೆಡುವ ಪ್ರೋಟೀನ್ ಅಲ್ಲ, ಹಾಗಾಗಿ ಅದರಿಂದ ಏನೂ ಗೊತ್ತಾಗಲಿಲ್ಲ. ಕೊನೆಗೆ ಒಬ್ಬ ವಿದ್ಯಾರ್ಥಿನಿ ಪ್ರೋಟೀನೇಸ್ ಕೆ ಹಾಕಿ ಅಲರ್ಜನನ್ನು ಪೂರ್ತಿ ಕತ್ತರಿಸಿ, ಆ ಕಿಣ್ವವನ್ನು ಬಿಸಿಯಲ್ಲಿ ಕೆಡಿಸಿ, ಉಳಿದ ದ್ರಾವಣವನ್ನು ಕೋಶಗಳಿಗೆ ಹಾಕಿದರು. ಜೆಲ್‌ನಲ್ಲಿ 15 ಕಿಲೋಡಾಲ್ಟನ್ ಹತ್ತಿರ ಬ್ಯಾಂಡೇ ಇಲ್ಲ. ಐಎಲ್-6 ಮಾತ್ರ ಹಾಗೇ ಇತ್ತು. ಎಂಡೋಟಾಕ್ಸಿನ್ ಅನ್ನು ಹಿಡಿದು ತಡೆಯುವ ಪಾಲಿಮಿಕ್ಸಿನ್ ಬಿ ಸೇರಿಸಿದ ಮೇಲೆ ಬಿದ್ದುಹೋಯಿತು. ಅಂದರೆ ಮೂರು ತಿಂಗಳು ನಾವು ಅಳೆದದ್ದು ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಅನ್ನು. ಪ್ರೋಟೀನ್ ಶೇ. 95 ಶುದ್ಧವೇ ಆಗಿತ್ತು, ಡೇಟಾಶೀಟ್ ಸುಳ್ಳು ಹೇಳಿರಲಿಲ್ಲ.

ಅದಕ್ಕೇ ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದು: ಈ ಪ್ರೋಟೀನನ್ನು ಮುಟ್ಟುವುದು ಯಾವುದು? ಬರೀ ಆ್ಯಂಟಿಬಾಡಿಯಾ, ಜೀವಂತ ಕೋಶವಾ, ಇಲಿಯಾ? ಎಲೈಸಾ (ಆ್ಯಂಟಿಬಾಡಿ ಅಳೆಯುವ ಪರೀಕ್ಷೆ) ತಟ್ಟೆಗೆ ಚೆನ್ನಾಗಿ ಒಗ್ಗುವ ಲಾಟ್ (ತಯಾರಿಕೆಯ ಬ್ಯಾಚ್) ಕೋಶದ ಪ್ರಯೋಗವನ್ನು ಹಾಳು ಮಾಡಬಹುದು. ಉತ್ತರ ಗೊತ್ತಾದ ಮೇಲೆ ಉಳಿದ ಆಯ್ಕೆಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಎಕ್ಸ್‌ಟ್ರ್ಯಾಕ್ಟ್ ಸಾಕಾ, ರೀಕಾಂಬಿನೆಂಟ್ ಬೇಕಾ?

ಒಬ್ಬ ವ್ಯಕ್ತಿಗೆ ಆಲ್ಟರ್ನೇರಿಯಾ ಅಥವಾ ಆಸ್ಪರ್ಜಿಲಸ್ ಆಗಿಬರುವುದಿಲ್ಲವಾ ಅನ್ನುವುದಷ್ಟೇ ಪ್ರಶ್ನೆಯಾದರೆ ಎಕ್ಸ್‌ಟ್ರ್ಯಾಕ್ಟ್ ಸಾಕು. ಅದು ಶಿಲೀಂಧ್ರದಿಂದ ನೇರವಾಗಿ ತೆಗೆದ ರಸ, ಅದರಲ್ಲಿ ಎಲ್ಲಾ ಅಲರ್ಜನ್‌ಗಳೂ ಸ್ವಲ್ಪ ಸ್ವಲ್ಪ ಇರುತ್ತವೆ. ಆದರೆ ಎಷ್ಟೆಷ್ಟು ಅನ್ನುವುದೇ ತೊಂದರೆ. ಶಿಲೀಂಧ್ರವನ್ನು ಯಾವ ಮಾಧ್ಯಮದಲ್ಲಿ ಬೆಳೆಸಿದರು, ಎಷ್ಟು ದಿನ ಬೆಳೆಸಿದರು, ಬೀಜಕಣ ತೆಗೆದುಕೊಂಡರಾ ಅಥವಾ ಎಳೆಗಳನ್ನಾ, ಇದರ ಮೇಲೆ ಒಂದು ಬ್ಯಾಚಿಗೂ ಇನ್ನೊಂದಕ್ಕೂ ತುಂಬಾ ವ್ಯತ್ಯಾಸ ಬರುತ್ತದೆ. ಜೊತೆಗೆ ಶಿಲೀಂಧ್ರದ ಪ್ರೋಟಿಯೇಸ್‌ಗಳು ಅದೇ ಬಾಟಲಿಯಲ್ಲಿ ಕೂತು ಉಳಿದ ಪ್ರೋಟೀನ್‌ಗಳನ್ನು ಕತ್ತರಿಸುತ್ತಾ ಇರುತ್ತವೆ. ಶಿಲೀಂಧ್ರದ ಗೋಡೆಯ ಬೀಟಾ ಗ್ಲೂಕನ್ ಕೂಡ ಧಾರಾಳವಾಗಿ ಇರುತ್ತದೆ.

ಐಜಿಇ (ಅಲರ್ಜಿಯ ಆ್ಯಂಟಿಬಾಡಿ) ಯಾವ ಪ್ರೋಟೀನಿಗೆ ಅಂಟುತ್ತಿದೆ, ಅಡ್ಡ ಪ್ರತಿಕ್ರಿಯೆಯಾ ನಿಜವಾದ ಸಂವೇದನೆಯಾ, ಒಂದು ಪ್ರೋಟೀನ್ ಕೋಶದಲ್ಲಿ ಏನು ಮಾಡುತ್ತದೆ ಎಂಬ ಪ್ರಶ್ನೆ ಬಂದ ಕೂಡಲೇ ಎಕ್ಸ್‌ಟ್ರ್ಯಾಕ್ಟ್ ಕೈಕೊಡುತ್ತದೆ. ಅಲ್ಲಿಂದ ಮುಂದೆ ರೀಕಾಂಬಿನೆಂಟೇ ಗತಿ. ನಾನಂತೂ ಎರಡನ್ನೂ ಇಟ್ಟುಕೊಳ್ಳುತ್ತೇನೆ. ರೀಕಾಂಬಿನೆಂಟ್ ಸರಿಯಾಗಿ ಮಡಚಿಕೊಂಡಿದೆಯಾ ಅಂತ ನೋಡಲು ಎಕ್ಸ್‌ಟ್ರ್ಯಾಕ್ಟ್ ಜೊತೆ ಇನ್ಹಿಬಿಷನ್ (ಒಂದು ಇನ್ನೊಂದಕ್ಕೆ ಐಜಿಇ ಅಂಟದಂತೆ ತಡೆಯುತ್ತದಾ ಎಂಬ ಪರೀಕ್ಷೆ) ಮಾಡಿ ನೋಡುವುದು ಒಳ್ಳೆ ದಾರಿ.

ಯಾವ ಪ್ರೋಟೀನ್?

ಹೆಸರಿನ ಬಗ್ಗೆ ಮೊದಲು ಒಂದು ಮಾತು. ಕುಲದ ಹೆಸರಿನ ಮೂರು (ಕೆಲವೊಮ್ಮೆ ನಾಲ್ಕು) ಅಕ್ಷರ, ಪ್ರಭೇದದ ಒಂದು (ಕೆಲವೊಮ್ಮೆ ಎರಡು) ಅಕ್ಷರ, ಆಮೇಲೆ ಸಂಖ್ಯೆ. ಇದು ಡಬ್ಲ್ಯುಎಚ್‌ಒ ಮತ್ತು ಐಯುಐಎಸ್ (ಅಂತರರಾಷ್ಟ್ರೀಯ ಇಮ್ಯುನಾಲಜಿ ಸಂಘಗಳ ಒಕ್ಕೂಟ) ಸಮಿತಿಯ ಪದ್ಧತಿ. ಆಲ್ಟ್ ಎ 1.0101 ಅಂತಿದ್ದರೆ ಚುಕ್ಕೆಯ ನಂತರದ ಮೊದಲ ಎರಡು ಅಂಕಿ ಐಸೋಅಲರ್ಜನ್ ಯಾವುದು ಅಂತಲೂ, ಕೊನೆಯ ಎರಡು ಅದರ ವೇರಿಯಂಟ್ ಯಾವುದು ಅಂತಲೂ ಹೇಳುತ್ತವೆ. ಡೇಟಾಶೀಟ್‌ನಲ್ಲಿ ಈ ಬಾಲ ಇಲ್ಲದಿದ್ದರೆ ಅಮೈನೋ ಆಮ್ಲಗಳ ಸರಣಿ ಕೇಳಿ ತರಿಸಿಕೊಂಡು ಸಮಿತಿಯ ಪಟ್ಟಿಯ ಜೊತೆ ಹೋಲಿಸಿ. ಸಿಗ್ನಲ್ ಪೆಪ್ಟೈಡ್ ತೆಗೆದಿದ್ದಾರಾ ಅಂತಲೂ ನೋಡಿ. ಶಿಲೀಂಧ್ರ ಹೊರಗೆ ಸುರಿಸುವ ಪ್ರೋಟೀನಿನಲ್ಲಿ ಆ ತುಂಡು ಇರುವುದಿಲ್ಲ, ಇ. ಕೋಲಿಯಲ್ಲಿ ಪೂರ್ತಿ ಜೀನ್ ಹಾಕಿದರೆ ಸುಮ್ನೆ ಉಳಿದುಬಿಡುತ್ತದೆ.

ಒಂದೇ ಒಂದು ಪ್ರೋಟೀನ್ ತರಿಸಲು ಸಾಧ್ಯ ಅಂದರೆ ನನ್ನ ಆಯ್ಕೆ ಆಲ್ಟ್ ಎ 1. ಆಲ್ಟರ್ನೇರಿಯಾ ಆಗದವರಲ್ಲಿ ಬಹುಪಾಲು ಜನರ ಐಜಿಇ ಇದಕ್ಕೆ ಅಂಟುತ್ತದೆ. ಇದರ ರಚನೆ ಶಿಲೀಂಧ್ರಗಳಲ್ಲಿ ಬಿಟ್ಟು ಬೇರೆ ಕಡೆ ಕಂಡಿಲ್ಲ, ಹಾಗಾಗಿ ಪಾಸಿಟಿವ್ ಬಂದರೆ ಅರ್ಥ ಹೇಳುವುದು ಸುಲಭ. ಆದರೆ ಇದು ಎರಡು ತುಂಡು ಡೈಸಲ್ಫೈಡ್ ಕೊಂಡಿಯಿಂದ ಬೆಸೆದುಕೊಂಡು ಆಗುವ ಜೋಡಿ. ಒಂದೊಂದು ತುಂಡು ಸುಮಾರು 15 ಕಿಲೋಡಾಲ್ಟನ್, ಜೋಡಿ ಸುಮಾರು 30. ತುಂಡಿನೊಳಗೂ ಎರಡು ಕೊಂಡಿಗಳಿವೆ. ಈ ಕೊಂಡಿಗಳು ಸರಿಯಾಗಿ ಕೂರದಿದ್ದರೆ ನಿಮ್ಮ ಹತ್ತಿರ ಇರುವುದು ಆಲ್ಟ್ ಎ 1 ಸರಣಿಯ ಪ್ರೋಟೀನ್ ಅಷ್ಟೇ, ಐಜಿಇ ಗುರುತಿಸುವ ಆಲ್ಟ್ ಎ 1 ಅಲ್ಲ.

ಆಲ್ಟ್ ಎ 6 ಅದಕ್ಕೆ ತದ್ವಿರುದ್ಧ. ಅದು ಎನೋಲೇಸ್, ಸುಮಾರು 47 ಕಿಲೋಡಾಲ್ಟನ್, ಎಲ್ಲಾ ಜೀವಿಗಳಲ್ಲೂ ಇರುವ ಕಿಣ್ವ. ಕ್ಲಾಡೋಸ್ಪೋರಿಯಂನ ಕ್ಲಾ ಎಚ್ 6, ಆಸ್ಪರ್ಜಿಲಸ್‌ನ ಆಸ್ಪ್ ಎಫ್ 22, ಕೊನೆಗೆ ರಬ್ಬರ್ ಹಾಲಿನ ಹೆವ್ ಬಿ 9 ಕೂಡ ಇದೇ ಮನೆತನ. ಅಡ್ಡ ಪ್ರತಿಕ್ರಿಯೆಯನ್ನೇ ಅಧ್ಯಯನ ಮಾಡುವವರಿಗೆ ಇದು ಬಂಗಾರ. "ಈ ರೋಗಿಗೆ ಆಲ್ಟರ್ನೇರಿಯಾನೇ ಕಾರಣ" ಅಂತ ತೋರಿಸಬೇಕಾದವರು ಇದನ್ನು ನಂಬಿ ಕೂರಬಾರದು.

ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಬಂದರೆ ಒಂದು ಪ್ರೋಟೀನಿನಿಂದ ಕೆಲಸ ಆಗುವುದಿಲ್ಲ. ಆಸ್ಪ್ ಎಫ್ 1, 2, 3, 4, 6 ಎಂಬ ಐದರ ಗುಂಪನ್ನು ಒಟ್ಟಿಗೆ ಬಳಸುವುದು ರೂಢಿ. ಆಸ್ತಮಾ ಇರುವವರಲ್ಲಿ ಬರೀ ಸಂವೇದನೆ ಇದೆಯಾ, ಎಬಿಪಿಎ (ಆಸ್ಪರ್ಜಿಲಸ್‌ನಿಂದ ಶ್ವಾಸಕೋಶದಲ್ಲಿ ಬರುವ ಅಲರ್ಜಿ) ಕಾಯಿಲೆಯೇ ಇದೆಯಾ ಅಂತ ಬೇರ್ಪಡಿಸಲು ಆಸ್ಪ್ ಎಫ್ 4 ಮತ್ತು 6 ನೆರವಾಗುತ್ತವೆ ಎಂದು ಮೊದಲ ಅಧ್ಯಯನಗಳು ಹೇಳಿದವು. ಮುಂದೆ ಆ ಗೆರೆ ಅಷ್ಟು ನೇರವಾಗಿ ಉಳಿಯಲಿಲ್ಲ, ಆದರೂ ಈ ಪ್ರಶ್ನೆ ಇಟ್ಟುಕೊಂಡವರು ಇವೆರಡನ್ನು ಬಿಡುವ ಹಾಗಿಲ್ಲ. ಆಸ್ಪ್ ಎಫ್ 6 ಮ್ಯಾಂಗನೀಸ್ ಸೂಪರ್‌ಆಕ್ಸೈಡ್ ಡಿಸ್ಮ್ಯೂಟೇಸ್. ಮಲಸೇಜಿಯಾದ ಮಾಲಾ ಎಸ್ 11 ಅದೇ ಕಿಣ್ವ, ಮನುಷ್ಯರ ದೇಹದಲ್ಲೂ ಅದರ ನೆಂಟ ಇದೆ, ಐಜಿಇ ಮೂರಕ್ಕೂ ಅಂಟಬಲ್ಲದು. ಎಬಿಪಿಎ ಸೀರಮ್‌ಗಳ ಜೊತೆ ತೀವ್ರ ಚರ್ಮದ ಅಲರ್ಜಿ ಇರುವವರ ಸೀರಮ್ ಸೇರಿಸುತ್ತೀರಾದರೆ ಮಾಲಾ ಎಸ್ 11 ಅನ್ನೂ ಒಂದು ತರಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆಯನ್ನು ದೊಡ್ಡದಾಗಿ ಹೇಳಬೇಕು. ಆಸ್ಪ್ ಎಫ್ 1 ಬರೀ ಅಲರ್ಜನ್ ಅಲ್ಲ, ವಿಷ. ಸುಮಾರು 18 ಕಿಲೋಡಾಲ್ಟನ್‌ನ ಈ ಪುಟ್ಟ ಪ್ರೋಟೀನ್ ಕೋಶದೊಳಗೆ ಹೊಕ್ಕರೆ ರೈಬೋಸೋಮಿನ 28ಎಸ್ ಆರ್‌ಎನ್‌ಎಯಲ್ಲಿ ಒಂದೇ ಒಂದು ಕೊಂಡಿ ಕತ್ತರಿಸುತ್ತದೆ, ಅಷ್ಟಕ್ಕೇ ಪ್ರೋಟೀನ್ ತಯಾರಿಕೆ ನಿಂತುಹೋಗುತ್ತದೆ. ಟಿ ಕೋಶಗಳಿಗೆ ಹಾಕಿ ಎರಡು ದಿನದ ನಂತರ ಸೈಟೋಕೈನ್ ಕಡಿಮೆ ಬಂತು ಅಂದರೆ ಅದು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದ್ದಾ, ಕೋಶಗಳು ಸತ್ತದ್ದಾ? ಜೀವಂತ ಕೋಶಗಳ ಎಣಿಕೆ ಇಲ್ಲದೆ ಹೇಳಲು ಬರುವುದಿಲ್ಲ. ಕೋಶದ ಕೆಲಸಕ್ಕೆ ಕಿಣ್ವದ ಶಕ್ತಿ ಕಳೆದ ಮ್ಯೂಟಂಟ್ ಸಿಕ್ಕರೆ ಅದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಎಲೈಸಾಗೆ ಮಾತ್ರ ಆದರೆ ಈ ತಲೆನೋವಿಲ್ಲ.

ಪೆನಿಸಿಲಿಯಂನ ಪೆನ್ ಸಿಎಚ್ 13 ಥರದ ಸೀರಿನ್ ಪ್ರೋಟಿಯೇಸ್‌ಗಳಿಗೂ ಇಂಥದೇ ಮಾತು. ಕಿಣ್ವ ಜೀವಂತವಾಗಿದ್ದರೆ ಎಪಿಥೀಲಿಯಲ್ ಕೋಶಗಳ ನಡುವಿನ ಬೆಸುಗೆ ಬಿಡಿಸುತ್ತದೆ, ಟ್ಯೂಬಿನಲ್ಲಿ ತನ್ನನ್ನೇ ಕತ್ತರಿಸಿಕೊಳ್ಳುತ್ತದೆ. ಸತ್ತಿದ್ದರೆ ಐಜಿಇ ಪರೀಕ್ಷೆಗೆ ಒಳ್ಳೆಯದು, ಉಸಿರುನಾಳದ ಪ್ರಯೋಗಕ್ಕೆ ಅರ್ಥವೇ ಇಲ್ಲ. ಯಾವುದು ಬಂದಿದೆ ಅಂತ ಕೇಳಿ ಬರೆಸಿಕೊಳ್ಳಿ. ಕ್ಲಾ ಎಚ್ 8 ಇದಕ್ಕಿಂತ ಸಾಧು. ಅದು ಮ್ಯಾನಿಟಾಲ್ ಡಿಹೈಡ್ರೋಜಿನೇಸ್, ಸುಮಾರು 28 ಕಿಲೋಡಾಲ್ಟನ್, ಇ. ಕೋಲಿಯಲ್ಲಿ ಚೆನ್ನಾಗಿ ಬರುತ್ತದೆ. ಫ್ರಕ್ಟೋಸ್ ಮತ್ತು ಎನ್‌ಎಡಿಪಿಎಚ್ ಹಾಕಿ 340 ನ್ಯಾನೋಮೀಟರ್‌ನಲ್ಲಿ ಓದಿದರೆ ಮಡಿಕೆ ಸರಿ ಇದೆಯಾ ಇಲ್ಲವಾ ಅಂತ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಯಾವುದರಲ್ಲಿ ಮಾಡಿದ್ದು?

ಇ. ಕೋಲಿಯಲ್ಲಿ ಮಾಡಿದ್ದು ಕಡಿಮೆ ಖರ್ಚಿನದು, ಜಾಸ್ತಿ ಸಿಗುತ್ತದೆ, ಸಕ್ಕರೆ ಸರಪಳಿ ಇರುವುದಿಲ್ಲ. ಎನೋಲೇಸ್, ಕ್ಲಾ ಎಚ್ 8, ಆಸ್ಪ್ ಎಫ್ 6 ಥರದ ಕೋಶದೊಳಗಿನ ಪ್ರೋಟೀನ್‌ಗಳಿಗೆ ಇದಕ್ಕಿಂತ ದುಬಾರಿಯಾದದ್ದು ಹುಡುಕುವ ಅಗತ್ಯ ನನಗಂತೂ ಕಾಣುವುದಿಲ್ಲ. ಡೈಸಲ್ಫೈಡ್ ಕೊಂಡಿ ಇರುವ ಪ್ರೋಟೀನ್ ಬಂದಾಗ ಕಷ್ಟ ಶುರು. ಮಾಮೂಲಿ ತಳಿಯ ಒಳಗಿನ ವಾತಾವರಣ ಕೊಂಡಿ ಕೂರಲು ಬಿಡುವುದಿಲ್ಲ. ಪ್ರೋಟೀನ್ ಗಂಟುಕಟ್ಟಿ ಇನ್‌ಕ್ಲೂಷನ್ ಬಾಡಿ ಆಗುತ್ತದೆ, ಅದನ್ನು ಯೂರಿಯಾದಲ್ಲಿ ಕರಗಿಸಿ ಮತ್ತೆ ಮಡಚಬೇಕು. ಮಡಚಿದ್ದಾರಾ, ಹೇಗೆ ನೋಡಿದರು ಅಂತ ಕೇಳಿ. ಪೆರಿಪ್ಲಾಸಂಗೆ (ಬ್ಯಾಕ್ಟೀರಿಯಾದ ಎರಡು ಪೊರೆಗಳ ನಡುವಿನ ಜಾಗ) ಕಳಿಸಿ ಮಾಡಿದ್ದು ಅಥವಾ ಒಳಗೇ ಕೊಂಡಿ ಕೂರಲು ಬಿಡುವ ಶಫಲ್ ಥರದ ತಳಿಯಲ್ಲಿ ಮಾಡಿದ್ದು ಇದ್ದರೆ ಒಳ್ಳೆಯದು.

ಪಿಕಿಯಾ ಯೀಸ್ಟ್ ಪ್ರೋಟೀನನ್ನು ಹೊರಗೆ ಸುರಿಸುತ್ತದೆ, ಕೊಂಡಿಗಳು ಸರಿಯಾಗಿ ಕೂರುತ್ತವೆ, ತನ್ನದೇ ಎಂಡೋಟಾಕ್ಸಿನ್ ಇಲ್ಲ. ಆಲ್ಟ್ ಎ 1ಗೆ ನಾನು ಇದನ್ನೇ ಮೊದಲು ಹುಡುಕುತ್ತೇನೆ. ಆದರೆ ಸಕ್ಕರೆ ಅಂಟುವ ಜಾಗ ಸರಣಿಯಲ್ಲಿದ್ದರೆ ಪಿಕಿಯಾ ಉದ್ದುದ್ದ ಮ್ಯಾನೋಸ್ ಸರಪಳಿ ಕಟ್ಟಬಹುದು. ಡೆಂಡ್ರಿಟಿಕ್ ಕೋಶಗಳ ಮೇಲೆ ಮ್ಯಾನೋಸ್ ಹಿಡಿಯುವ ರಿಸೆಪ್ಟರ್‌ಗಳಿವೆ, ಅವು ಪ್ರೋಟೀನನ್ನು ಬೇಗ ಒಳಗೆಳೆದುಕೊಳ್ಳುತ್ತವೆ. ಆ ಪರಿಣಾಮ ಅಲರ್ಜನ್‌ನದಾ ಮ್ಯಾನೋಸ್‌ನದಾ ಎಂಬ ಪ್ರಶ್ನೆ ಆಗ ತಲೆ ಎತ್ತುತ್ತದೆ. ಜೆಲ್‌ನಲ್ಲಿ ಬ್ಯಾಂಡ್ ಚೂಪಾಗಿರದೆ ಹರಡಿಕೊಂಡಿದ್ದರೆ ಸಂಶಯ ಪಡಿ.

ಕೀಟದ ಕೋಶಗಳಲ್ಲಿ ಮಾಡಿದ್ದು ನೋಡಲು ಚೆನ್ನಾಗಿರುತ್ತದೆ, ಆದರೆ ಹೈ ಫೈವ್ ಕೋಶಗಳು ಸಕ್ಕರೆಯ ಬುಡದಲ್ಲಿ ಆಲ್ಫಾ 1,3 ಫ್ಯೂಕೋಸ್ ಸೇರಿಸುತ್ತವೆ. ಕೆಲವರ ಐಜಿಇ ಬರೀ ಆ ಫ್ಯೂಕೋಸಿಗೇ ಅಂಟುತ್ತದೆ, ಅಲರ್ಜನ್ ಯಾವುದಾದರೂ ಆಗಲಿ. ಸೀರಮ್ ಪರೀಕ್ಷೆಗೆ ಇದು ದೊಡ್ಡ ಅಡ್ಡಿ. ಎಸ್‌ಎಫ್9 ಕೋಶಗಳಲ್ಲಿ ಇದು ಬಹಳ ಕಡಿಮೆ. ಸಸ್ತನಿ ಕೋಶದ್ದು ಎಲ್ಲಕ್ಕಿಂತ ದುಬಾರಿ, ಮತ್ತು ಶಿಲೀಂಧ್ರದ ಪ್ರೋಟೀನಿಗೆ ಮನುಷ್ಯರ ಥರದ ಸಕ್ಕರೆ ಹಚ್ಚಿ ಏನು ಸಾಧಿಸುತ್ತೇವೆ ಅಂತ ನನಗೆ ಯಾವತ್ತೂ ಅರ್ಥವಾಗಿಲ್ಲ.

ಟ್ಯಾಗ್

ಹಿಸ್ ಟ್ಯಾಗ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ದೊಡ್ಡ ಟ್ಯಾಗ್‌ಗಳೇ ಬೇರೆ ಕಥೆ. ಎಂಬಿಪಿ (ಮಾಲ್ಟೋಸ್ ಹಿಡಿಯುವ ಪ್ರೋಟೀನ್) ಒಂದೇ ಸುಮಾರು 42 ಕಿಲೋಡಾಲ್ಟನ್. ಅದನ್ನು 15 ಕಿಲೋಡಾಲ್ಟನ್‌ನ ಆಲ್ಟ್ ಎ 1ಗೆ ಅಂಟಿಸಿದರೆ ನೀವು ತೂಗಿ ಹಾಕುವ ಪ್ರತಿ ಮೈಕ್ರೋಗ್ರಾಂನಲ್ಲಿ ಮುಕ್ಕಾಲು ಪಾಲು ಟ್ಯಾಗೇ. ಜಿಎಸ್‌ಟಿ (ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಕಿಣ್ವ) ಟ್ಯಾಗ್ ಇನ್ನೂ ಕೆಟ್ಟದ್ದು, ಯಾಕೆಂದರೆ ಜಿಎಸ್‌ಟಿ ತಾನಾಗಿ ಜೋಡಿಯಾಗುತ್ತದೆ. ಒಂಟಿ ಅಲರ್ಜನ್ ಕೂಡ ಜೋಡಿಯಾಗಿ ಬೇಸೊಫಿಲ್ ಎಂಬ ಬಿಳಿ ರಕ್ತಕೋಶದ ಮೇಲಿನ ಐಜಿಇಗಳನ್ನು ಒಟ್ಟಿಗೆ ಹಿಡಿದು ಎಳೆಯಬಹುದು, ನಿಜಕ್ಕೂ ಆ ಅಲರ್ಜನ್‌ಗೆ ಇಲ್ಲದ ಬಲ ಕಾಣಿಸಬಹುದು. ಅದೂ ಅಲ್ಲದೆ ಜಿರಳೆ, ಧೂಳುಹುಳದ ಜಿಎಸ್‌ಟಿಗಳೇ ಅಲರ್ಜನ್‌ಗಳ ಪಟ್ಟಿಯಲ್ಲಿವೆ. ಸೀರಮ್ ಕೆಲಸಕ್ಕೆ ಜಿಎಸ್‌ಟಿ ಕತ್ತರಿಸದ ಪ್ರೋಟೀನ್ ಬೇಡವೇ ಬೇಡ ಅನ್ನುತ್ತೇನೆ.

ಎಂಡೋಟಾಕ್ಸಿನ್: ಅಂಕಿ ನೋಡಿ, ಗುಣಿಸಿ

"1 ಇಯು ಪ್ರತಿ ಮೈಕ್ರೋಗ್ರಾಂಗಿಂತ ಕಡಿಮೆ" ಅಂತ ಬರೆದಿರುವುದನ್ನು (ಇಯು ಅಂದರೆ ಎಂಡೋಟಾಕ್ಸಿನ್ ಅಳೆಯುವ ಘಟಕ) ನೋಡಿ ಸಾಕು ಅನ್ನಿಸುತ್ತದೆ, ಅಲ್ವಾ? ಕೋಶಗಳಿಗೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಹಾಕುತ್ತೀರಿ ಅಂದುಕೊಳ್ಳಿ. ಅಂದರೆ 10 ಇಯು. 1 ಇಯು ಹೆಚ್ಚುಕಡಿಮೆ 0.1 ನ್ಯಾನೋಗ್ರಾಂ ಎಂಡೋಟಾಕ್ಸಿನ್‌ಗೆ ಸಮ, ಹಾಗಾಗಿ ಮಿಲಿಲೀಟರಿಗೆ 1 ನ್ಯಾನೋಗ್ರಾಂ. ಮನುಷ್ಯರ ಮೊನೋಸೈಟ್‌ಗಳು ಹತ್ತಾರು ಪಿಕೋಗ್ರಾಂಗೇ ಎದ್ದು ಕೂರುತ್ತವೆ. ನಮ್ಮ ಐಎಲ್-6 ಗ್ರಾಫಿನ ಗುಟ್ಟು ಇಷ್ಟೇ. ಕೋಶದ ಕೆಲಸಕ್ಕೆ ನಾನು ಕೇಳುವುದು 0.01 ಇಯು ಪ್ರತಿ ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಇಲಿಯ ಮೂಗಿಗೆ ಹಾಕುವವರು ಇನ್ನೂ ಹುಷಾರಾಗಿರಬೇಕು. ಓವಾಲ್ಬ್ಯುಮಿನ್ ಬಳಸಿದ ಇಲಿ ಮಾದರಿಗಳಲ್ಲಿ ಕಡಿಮೆ ಎಂಡೋಟಾಕ್ಸಿನ್ ಇದ್ದರೆ ಟಿಎಚ್2 (ಅಲರ್ಜಿಯ ಥರದ ಪ್ರತಿಕ್ರಿಯೆ) ಕಡೆಗೂ, ಜಾಸ್ತಿ ಇದ್ದರೆ ಟಿಎಚ್1 ಕಡೆಗೂ ವಾಲುವುದು ಕಂಡಿದೆ. ಅಂದರೆ ಲಾಟ್ ಬದಲಾದರೆ ಕಾಯಿಲೆಯ ಸ್ವರೂಪವೇ ಬದಲಾಗಬಹುದು.

ಶಿಲೀಂಧ್ರದವರಿಗೆ ಇನ್ನೊಂದು ಸಿಕ್ಕು ಇದೆ. ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆ ಹಾರ್ಸ್‌ಶೂ ಏಡಿಯ ರಕ್ತಕೋಶದಿಂದ ಮಾಡಿದ್ದು, ಅದರಲ್ಲಿ ಫ್ಯಾಕ್ಟರ್ ಜಿ ಎಂಬ ಎರಡನೇ ದಾರಿ ಬೀಟಾ ಗ್ಲೂಕನ್‌ಗೂ ಸ್ಪಂದಿಸುತ್ತದೆ. ಪಿಕಿಯಾ ಕೂಡ ಯೀಸ್ಟ್ ತಾನೇ, ಅದರ ಗೋಡೆಯಲ್ಲಿ ಗ್ಲೂಕನ್ ಇದೆ. ಹಾಗಾಗಿ ಪಿಕಿಯಾ ಪ್ರೋಟೀನಿನಲ್ಲಿ ಎಂಡೋಟಾಕ್ಸಿನ್ ಇಲ್ಲದಿದ್ದರೂ ಇದೆ ಅಂತ ಬರಬಹುದು. ರೀಕಾಂಬಿನೆಂಟ್ ಫ್ಯಾಕ್ಟರ್ ಸಿ ಪರೀಕ್ಷೆಯಲ್ಲಿ ಈ ಗೊಂದಲ ಇಲ್ಲ. ಎರಡನ್ನೂ ಮಾಡಿ ನೋಡಿದರೆ ವ್ಯತ್ಯಾಸದಿಂದಲೇ ಗ್ಲೂಕನ್ ಇದೆ ಅನ್ನುವ ಸುಳಿವು ಸಿಗುತ್ತದೆ. ಗ್ಲೂಕನ್ ಇದ್ದರೆ ಅದೂ ಡೆಕ್ಟಿನ್-1 ಎಂಬ ರಿಸೆಪ್ಟರ್ ಮೂಲಕ ಕೋಶಗಳನ್ನು ಕೆಣಕುತ್ತದೆ, ಪಾಲಿಮಿಕ್ಸಿನ್ ಬಿ ಅದನ್ನು ತಡೆಯುವುದಿಲ್ಲ. ಎಲ್ಲಕ್ಕಿಂತ ನಂಬಬಹುದಾದ ಕಂಟ್ರೋಲ್ ಅಂದರೆ ಖಾಲಿ ವೆಕ್ಟರ್ ಹಾಕಿ, ಅದೇ ಕಾಲಮ್, ಅದೇ ಬಫರ್‌ನಲ್ಲಿ ಶುದ್ಧ ಮಾಡಿದ ದ್ರಾವಣ. ಮಾರುವವರ ಹತ್ತಿರ ಕೇಳಿ ನೋಡಿ, ಕೆಲವರು ಕೊಡುತ್ತಾರೆ.

ಬೇಸೊಫಿಲ್ ಪರೀಕ್ಷೆ ಮಾತ್ರ ಮಾಡುವವರಿಗೆ ಇಷ್ಟು ಬಿಗಿ ಬೇಕಾಗಿಲ್ಲ. ಅವರಿಗೆ ಮಡಿಕೆ ಮತ್ತು ಜೋಡಿಯೇ ಮುಖ್ಯ. ಟಿ ಕೋಶದವರಿಗೆ ಉಲ್ಟಾ: ಪ್ರೋಟೀನ್ ತುಂಡಾಗಿಯೇ ಟಿ ಕೋಶಕ್ಕೆ ಕಾಣಿಸುವುದರಿಂದ ಮಡಿಕೆ ಕೆಟ್ಟಿದ್ದರೂ ನಡೆಯುತ್ತದೆ, ಎಂಡೋಟಾಕ್ಸಿನ್ ಇದ್ದರೆ ನಡೆಯುವುದಿಲ್ಲ.

ಟ್ಯೂಬ್ ಕೈಗೆ ಬಂದ ದಿನ

ಮೊದಲು ಒಂದು ಜೆಲ್. ಎರಡು ಸಾಲಿನಲ್ಲಿ ಒಂದಕ್ಕೆ ಡಿಟಿಟಿ (ಡೈಸಲ್ಫೈಡ್ ಕೊಂಡಿ ಬಿಡಿಸುವ ರಾಸಾಯನಿಕ) ಹಾಕಿ, ಇನ್ನೊಂದಕ್ಕೆ ಹಾಕದೆ ಓಡಿಸಿ. ಡಿಟಿಟಿ ಪಕ್ಕಕ್ಕೆ ಸೋರದ ಹಾಗೆ ನಡುವೆ ಒಂದೆರಡು ಸಾಲು ಖಾಲಿ ಬಿಟ್ಟರೆ ಇನ್ನೂ ಒಳ್ಳೆಯದು. ಒಳ್ಳೆಯ ಆಲ್ಟ್ ಎ 1 ಡಿಟಿಟಿ ಇದ್ದ ಕಡೆ 15ರ ಹತ್ತಿರ, ಇಲ್ಲದ ಕಡೆ 30ರ ಹತ್ತಿರ ನಿಲ್ಲುತ್ತದೆ. ಎರಡೂ ಕಡೆ 15ರಲ್ಲೇ ನಿಂತರೆ ಜೋಡಿ ಆಗಿಲ್ಲ. ಡಿಟಿಟಿ ಇಲ್ಲದ ಕಡೆ ಜೆಲ್‌ನ ಬಾಯಲ್ಲೇ ಕಲೆ ಉಳಿದರೆ ತಪ್ಪು ಕೊಂಡಿಗಳಿಂದ ಗಂಟುಕಟ್ಟಿದೆ. ಈ ಒಂದು ಚಿತ್ರ ಶುದ್ಧತೆಯ ಶೇಕಡಾವಾರಿಗಿಂತ ಎಷ್ಟೋ ಹೆಚ್ಚು ಹೇಳುತ್ತದೆ.

ಬಫರ್‌ನಲ್ಲಿ ಏನಿದೆ ಓದಿ. ಸೋಡಿಯಂ ಅಜೈಡ್ ಕೋಶಗಳನ್ನು ಕೊಲ್ಲುತ್ತದೆ, ಎಲೈಸಾದಲ್ಲಿ ಬಣ್ಣ ಬರಿಸುವ ಎಚ್‌ಆರ್‌ಪಿ ಕಿಣ್ವವನ್ನೂ ತಡೆಯುತ್ತದೆ. ಟ್ರಿಸ್ ಇದ್ದರೆ ಬಯೋಟಿನ್ ಹಚ್ಚುವ ಎನ್‌ಎಚ್‌ಎಸ್ ರಾಸಾಯನಿಕವನ್ನು ಅದೇ ತಿಂದುಹಾಕುತ್ತದೆ. ಬಿಎಸ್‌ಎ (ದನದ ಸೀರಮ್‌ನ ಪ್ರೋಟೀನ್) ಬೆರೆಸಿದ್ದರೆ ಪ್ರೋಟೀನ್ ಅಳತೆಗೆ ಅರ್ಥವಿಲ್ಲ. ಡಿಟಿಟಿ ಇಟ್ಟು ಕಳಿಸಿದ ಆಲ್ಟ್ ಎ 1 ಅನ್ನು ವಾಪಸ್ ಕಳಿಸಿ.

ಎರಡು ಅಲರ್ಜನ್‌ಗಳನ್ನು ಹೋಲಿಸುವಾಗ ಮೈಕ್ರೋಗ್ರಾಂ ಲೆಕ್ಕ ಬಿಟ್ಟು ಮೋಲ್ ಲೆಕ್ಕಕ್ಕೆ ಬನ್ನಿ. 1 ಮೈಕ್ರೋಗ್ರಾಂ ಆಲ್ಟ್ ಎ 1ರಲ್ಲಿರುವ ತುಂಡುಗಳು ಅಷ್ಟೇ ತೂಕದ ಆಲ್ಟ್ ಎ 6ರಲ್ಲಿರುವ ಅಣುಗಳಿಗಿಂತ ಸುಮಾರು ಮೂರು ಪಟ್ಟು.

ಆಮೇಲೆ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ. ಇಡೀ ಅಧ್ಯಯನಕ್ಕೆ ಬೇಕಾದಷ್ಟನ್ನು ಒಂದೇ ಲಾಟ್‌ನಿಂದ ತರಿಸಲು ಆಗುವುದಾದರೆ ಹಾಗೇ ಮಾಡಿ. ಆಗದಿದ್ದರೆ ಹಳೆಯ ಲಾಟ್‌ನ ಎರಡು ಟ್ಯೂಬ್ ಮುಟ್ಟದೆ ಉಳಿಸಿಕೊಂಡು, ಹೊಸದು ಬಂದ ದಿನ ಎರಡನ್ನೂ ಒಂದೇ ಜೆಲ್‌ನಲ್ಲಿ, ಒಂದೇ ಸೀರಮ್ ಜೊತೆ, ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ನೋಡಿ.